ಮೂಲೆ ಕತ್ತರಿಸಿದ ಕಾರ್ಡುಗಳು

ಕಳೆದ ತಿಂಗಳು ಯಡ್ರಾಮಿಯಿಂದ ಒಂದು ಕಾರ್ಡು ಬಂತು. ಬರೆದವನು ನಮ್ಮ ನರ್ಸಬಾಯಿಯ ತಮ್ಮನ ಮಗ. ಸೋದರತ್ತೆ ತೀರಿಕೊಂಡರು, ಮೂರು ದಿನ ಜ್ವರವಿತ್ತು, ನರಳಲಿಲ್ಲ, ಹಿಂದಿನ ಸಂಜೆ ಅಂಬಲಿ ಕುಡಿದು ಉಪ್ಪು ಕಡಿಮೆಯಾಗಿದೆ ಎಂದು ಸೊಸೆಯನ್ನು ಬೈದಿದ್ದರು. ಇಷ್ಟು ಸುದ್ದಿ. ಓದುವ ಮೊದಲು ನಾನು ಕಾರ್ಡಿನ ಮೂಲೆಗಳನ್ನು ನೋಡಿದೆ. ನಾಲ್ಕೂ ಇದ್ದವು.

ನಮ್ಮ ಕಡೆ ಸಾವಿನ ಸುದ್ದಿಯ ಕಾಗದಕ್ಕೆ ಒಂದು ಮೂಲೆ ಹರಿದು ಕಳಿಸುತ್ತಾರೆ. ಅಂಥ ಕಾಗದವನ್ನು ಹೊಸಲು ದಾಟಿಸುವುದಿಲ್ಲ. ಅಂಗಳದಲ್ಲೇ ಸುದ್ದಿ ಕೇಳಿ, ಅಲ್ಲೇ ಚೂರು ಮಾಡಿ ಒಗೆದು, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಹೋಗುತ್ತಾರೆ. ಈ ಕಾರ್ಡಿಗೆ ಆ ಗುರುತು ಇರಲಿಲ್ಲ. ಕಾರಣ ಕೊನೆಯ ಸಾಲಿನಲ್ಲಿತ್ತು: “ಮೂಲಿ ಹರೀಬ್ಯಾಡ, ಅಂವಗ ಹಳೇ ಹೆದರಿಕಿ ಅದ ಅಂತ ಅತ್ತಿ ಹೇಳಿದ್ರು.”

ಹೆದರಿಕೆ ಅಲ್ಲ, ನಾಚಿಕೆ. ಅದರ ಕಥೆ ಮುಂದೆ ಬರುತ್ತದೆ.

ನರ್ಸಬಾಯಿಯ ಹೆಸರು ಇಲ್ಲಿ ಬರೆಯುವುದಿಲ್ಲ; ನಮಗೆಲ್ಲ ಅವರು ಬರೀ ಬಾಯಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪತ್ರಿಕೆಯ ಮೇಜಿನಲ್ಲಿ ಕೂತ ನಾನು ಎರಡು ಸಲ ಅವರ ಬಗ್ಗೆ ಬರೆಯಲೇ ಎಂದು ಕೇಳಿದ್ದೆ, ಎರಡು ಸಲವೂ ಬೈಸಿಕೊಂಡಿದ್ದೆ. “ಹೆಸರು ಅಚ್ಚ ಮಾಡಿಸ್ಕೊಂಡು ಏನು ಸಂತಿಗೆ ಹೋಗಬೇಕಾಗ್ಯದೇನು ನಾ?” ಎಂದಿದ್ದರು. ಹೆಸರಿಲ್ಲದೆ ಬರೆದರೆ ಏನನ್ನುತ್ತಿದ್ದರೋ, ಈಗ ಕೇಳುವಂತಿಲ್ಲ.

ನಿಜಾಮರ ಆಳ್ವಿಕೆಯ ಕಾಲ. ಜಗತ್ತಿನಲ್ಲಿ ಎರಡನೆಯ ಯುದ್ಧ ನಡೆದಿತ್ತು. ನಮ್ಮ ಜಿಲ್ಲೆಯ ಮುಖ್ಯ ಊರಿನಲ್ಲಿ ಒಂದು ಸಣ್ಣ ಧರ್ಮದ ದವಾಖಾನೆ ಇತ್ತು. ಹೆಂಗಸರ ವಾರ್ಡು, ಆಪರೇಷನ್ ಕೋಣೆ, ಮುಂದೆ ಉದ್ದನೆಯ ಕಟ್ಟೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಚಕ್ಕಡಿ ಕಟ್ಟಿಕೊಂಡು ಹೆಂಗಸರು ಅಲ್ಲಿಗೆ ಬರುತ್ತಿದ್ದರು. ನಾನು ಅಲ್ಲಿ ಗುಮಾಸ್ತನಾಗಿದ್ದೆ. ಇಪ್ಪತ್ತೆಂಟು ವಯಸ್ಸು, ಮದುವೆಯಾಗಿತ್ತು, ಕನ್ನಡ ಉರ್ದು ಇಂಗ್ಲಿಷ್ ಮೂರೂ ಬರೆಯುತ್ತಿದ್ದೆ. ಆ ಮೂರರ ಸೊಕ್ಕೂ ಇತ್ತು.

ಬಾಯಿ ಎತ್ತರದ ಹೆಂಗಸು. ವಾರ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾಗುತ್ತಿತ್ತು. ಬಿಳಿ ಸೀರೆ, ಕಂಕುಳಲ್ಲಿ ಗಂಡಸರ ಕರಿ ಕೊಡೆ. ಕೊಡೆ ಬಿಚ್ಚಿದ್ದನ್ನು ನಾನು ನೋಡಿಲ್ಲ. ನಾಯಿಗೆ, ಎತ್ತಿಗೆ, ರೋಗಿಯ ಗಂಡನಿಗೆ ತೋರಿಸಲು ಅದು ಬೇಕಾಗುತ್ತಿತ್ತು. ಹದಿನೆಂಟಕ್ಕೆ ವಿಧವೆಯಾಗಿ, ಅಣ್ಣನೊಡನೆ ಜಗಳ ಮಾಡಿ ನರ್ಸಿನ ಕೆಲಸ ಕಲಿತವರು ಎಂದು ಕೇಳಿದ್ದೆ. ಅವರಾಗಿ ಹೇಳಿದ್ದಲ್ಲ.

ವಾರ್ಡಿನಲ್ಲಿ ಅಳುವುದಕ್ಕೆ ಅವರೊಂದು ಕಾಯಿದೆ ಮಾಡಿದ್ದರು. ರೋಗಿಯ ಕಡೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದರೆ ಕಟ್ಟೆಯ ಮೇಲೆ ಕೂರಿಸಿ ಮುಂದೆ ಒಂದು ಮೊರ ಜೋಳ ಸುರಿಯುತ್ತಿದ್ದರು. “ಅಳೋದಿದ್ರ ಜ್ವಾಳಾ ಹಸನ ಮಾಡ್ಕೋತ ಅಳ್ರಿ. ಕಲ್ಲರ ಹೋಗ್ತಾವ.” ಐದು ನಿಮಿಷದಲ್ಲಿ ಅಳು ನಿಂತು, ಜೋಳ ಯಾವ ಊರಿನದು, ಕಾಳು ಯಾಕೆ ಇಷ್ಟು ಸಣ್ಣದು ಎಂಬ ಮಾತು ಶುರುವಾಗುತ್ತಿತ್ತು. ನಮ್ಮ ದವಾಖಾನೆಯ ರೊಟ್ಟಿಯಲ್ಲಿ ಒಂದು ದಿನವೂ ಹಲ್ಲಿಗೆ ಕಲ್ಲು ಸಿಕ್ಕಿದ್ದಿಲ್ಲ.

ಇನ್ನೊಂದು ಅಭ್ಯಾಸ, ಹೋದ ಹಳ್ಳಿಯಲ್ಲೆಲ್ಲ ಮೊದಲು ಅಗಸರ ಮನೆಗೆ ಹೋಗುವುದು. ಗೌಡರ ಮನೆಯ ಚಹಾ ಕಾಯುತ್ತಿದ್ದರೂ ಸರಿ. ಒಮ್ಮೆ ಕಾರಣ ಕೇಳಿದೆ.

“ಹೆಣ್ಣಮಕ್ಕಳ ಜಡ್ಡು ಡಾಕ್ಟರಿಗಿಂತ ಮೊದಲು ಅಗಸರಾಕಿಗೆ ಗೊತ್ತಾಗ್ತದ,” ಎಂದರು. “ಗಂಡಗ ಹೇಳಂಗಿಲ್ಲ, ಅತ್ತಿಗಿ ಹೇಳಂಗಿಲ್ಲ. ಸೀರಿ ಮಾತ್ರ ಅಕಿ ಕೈಗೆ ಹೋಗ್ತದ. ತಿಂಗಳ ಲೆಕ್ಕ ತಪ್ಪಿ ರಕ್ತದ ಕಲಿ ಬಿದ್ದಿದ್ರ ಅಕಿನೇ ನನಗ ಖಬರ ಕಳಸ್ತಾಳ.”

ಹಾಗೆ ಖಬರು ಬಂದ ಹೆಂಗಸರಲ್ಲಿ ಕೆಲವರಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇರುತ್ತಿತ್ತು. ಹಳ್ಳಿಯಲ್ಲಿ ಅದಕ್ಕೆ ಒಳಹುಣ್ಣು ಎಂದಷ್ಟೇ ಹೆಸರು. ಸಾಮಾನ್ಯವಾಗಿ ಅದು ತೀರ ಬಲಿತ ಮೇಲೆ ದವಾಖಾನೆ ಕಾಣುತ್ತಿತ್ತು. ಅಗಸರವರ ದಾರಿಯಿಂದ ಬಂದವರು ಬೇಗ ಬರುತ್ತಿದ್ದರು. ಅಂಥವರಿಗೆ ನಮ್ಮ ಡಾಕ್ಟರು ಆಪರೇಷನ್ ಮಾಡುತ್ತಿದ್ದರು. ಗರ್ಭಕೋಶವನ್ನೂ ಅದರ ಸುತ್ತಲಿನ ಭಾಗವನ್ನೂ ತೆಗೆಯುವ ದೊಡ್ಡ ಆಪರೇಷನ್ ಅದು. ಆ ದಿನ ಡಾಕ್ಟರು ಬೆಳಿಗ್ಗೆ ಒಳಗೆ ಹೋದರೆ ಹೊರಗೆ ಬರುವಾಗ ಅವರ ಊಟ ತಣ್ಣಗಾಗಿರುತ್ತಿತ್ತು.

ಡಾಕ್ಟರು ಮೈಸೂರು ಕಡೆಯವರು. ಮಿತಮಾತಿನ, ನಗದ ಮನುಷ್ಯ. ಕೈ ಎಷ್ಟು ಚೆನ್ನಾಗಿತ್ತೋ ದಫ್ತರವೂ ಅಷ್ಟೇ ಚೆನ್ನಾಗಿರಬೇಕು ಎನ್ನುವವರು. ತೆಗೆದ ಹುಣ್ಣಿನ ಒಂದು ಚೂರನ್ನು ಔಷಧದ ನೀರಿನ ಸೀಸೆಯಲ್ಲಿ ಹಾಕಿ ರೈಲಿನಲ್ಲಿ ಮುಂಬಯಿಗೆ ಕಳಿಸುತ್ತಿದ್ದರು. ಅಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಬಗೆಯದೆಂದು ಬರೆಯುತ್ತಿದ್ದರು. ನನಗೆ ಅವರು ತಿಳಿಸಿ ಹೇಳಿದ್ದು ಇಷ್ಟು. ಈ ಹುಣ್ಣುಗಳೆಲ್ಲ ಒಂದೇ ಜಾತಿಯವಲ್ಲ. ಗರ್ಭಕೋಶದ ಕೊರಳಿನ ಹೊರಗೆ ತೊಗಲಿನಂಥ ಪದರವಿದೆ. ಹೆಚ್ಚಿನವು ಅಲ್ಲಿ ಹುಟ್ಟುತ್ತವೆ. ಕೊರಳಿನ ಒಳಗೆ ಲೋಳೆ ಒಸರುವ ಗ್ರಂಥಿಗಳಿವೆ. ಅಪರೂಪಕ್ಕೆ ಅಲ್ಲೂ ಹುಟ್ಟುತ್ತವೆ. ಬರಿಗಣ್ಣಿಗೆ ಎರಡೂ ಒಂದೇ. ಒಂದೇ ಕತ್ತಿ ಎರಡಕ್ಕೂ ಒಂದೇ ಫಲ ಕೊಡುತ್ತದೆಯೇ? ಅದು ಡಾಕ್ಟರರ ಪ್ರಶ್ನೆ. ಪುಸ್ತಕಗಳು ಒಂದೊಂದು ಒಂದೊಂದು ಹೇಳುತ್ತವೆ, ನಮ್ಮ ಹೆಂಗಸರು ಏನು ಹೇಳುತ್ತಾರೋ ನೋಡೋಣ ಎಂದರು.

ಹೀಗೆ ಕಾರ್ಡುಗಳು ಶುರುವಾದವು. ಆಪರೇಷನ್ ಆಗಿ ವರ್ಷಗಳು ಕಳೆದವರಿಗೆಲ್ಲ ಒಂದೊಂದು ಜವಾಬಿ ಕಾರ್ಡು. ಕನ್ನಡದಲ್ಲಿ ನಾಲ್ಕು ಸಾಲು: ಕ್ಷೇಮವೇ, ಊಟ ನಿದ್ದೆ ಸರಿಯಿದೆಯೇ, ಮೊದಲಿನ ತೊಂದರೆ ಮತ್ತೆ ಕಾಣಿಸಿತೇ, ಕೆಲಸ ಮಾಡಲಾಗುತ್ತದೆಯೇ. ಜೋಡಿಸಿದ ಖಾಲಿ ಅರ್ಧದಲ್ಲಿ ಯಾರಿಂದಲಾದರೂ ಜವಾಬು ಬರೆಸಿ ಟಪಾಲಿಗೆ ಹಾಕಿದರಾಯಿತು. ವಿಳಾಸವನ್ನು ಉರ್ದುವಿನಲ್ಲಿ ಬರೆಯುತ್ತಿದ್ದೆ, ಟಪಾಲಿನವರು ಓದುವುದು ಅದನ್ನೇ.

ಬಯಲು ಕಾರ್ಡಿನ ಮೇಲೆ ರೋಗದ ಹೆಸರು ಇರಬಾರದು, ಊರೆಲ್ಲ ಓದುತ್ತದೆ ಎಂದು ಡಾಕ್ಟರು ಎಚ್ಚರ ವಹಿಸಿದ್ದರು. ಆದರೆ ಬಂದ ಜವಾಬುಗಳಲ್ಲಿ ಯಾವುದು ಯಾವ ಬಗೆಯೆಂದು ನಮಗೆ ಗೊತ್ತಾಗಬೇಕಲ್ಲ. “ಗ್ರಂಥಿಯ ಬಗೆಯವರ ಕಾರ್ಡಿಗೆ ಬಲಗಡೆ ಮೂಲೆ ಕತ್ತರಿಸಿಬಿಡಿ. ನಿಮಗೂ ನನಗೂ ಗೊತ್ತಿದ್ದರೆ ಸಾಕು,” ಎಂದರು.

ಕತ್ತರಿ ತೆಗೆದುಕೊಂಡು ಕತ್ತರಿಸಿದವನು ನಾನು. ನನ್ನ ಅಜ್ಜಿ ಸತ್ತಾಗ ಬೀಗರಿಗೆಲ್ಲ ಬರೆದ ಕಾಗದಗಳ ಮೂಲೆ ನಾನೇ ಹರಿದಿದ್ದೆ. ಆದರೂ ಹೊಳೆಯಲಿಲ್ಲ. ಮನೆಯಲ್ಲಿ ಕೈಯಿಂದ ಹರಿದಿದ್ದೆ, ಕಚೇರಿಯಲ್ಲಿ ಕತ್ತರಿಯಿಂದ ನೀಟಾಗಿ ಕತ್ತರಿಸಿದೆ, ಅಷ್ಟರಲ್ಲೇ ಅದು ಬೇರೆ ವಸ್ತುವಾಗಿ ಕಂಡಿರಬೇಕು. ಕುರ್ಚಿಯ ಮೇಲೆ ಕೂರುವಾಗ ಮನೆಯ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ. ಮೈಸೂರಿನ ಡಾಕ್ಟರಿಗೆ ಈ ಪದ್ಧತಿಯೇ ಗೊತ್ತಿರಲಿಲ್ಲ. ಬಾಯಿಗೆ ಗೊತ್ತಿತ್ತು, ಆದರೆ ಕಾರ್ಡುಗಳು ಅವರ ಕಣ್ಣಿಗೆ ಬೀಳಲಿಲ್ಲ.

ಮೂಲೆ ಕತ್ತರಿಸದ ಕಾರ್ಡುಗಳಿಗೆ ತಿಂಗಳು ಎರಡು ತಿಂಗಳಲ್ಲಿ ಜವಾಬು ಬಂದವು. ಕೆಲವರು ತೀರಿಕೊಂಡಿದ್ದರು, ಬಹಳ ಜನ ಚೆನ್ನಾಗಿದ್ದರು. ಒಬ್ಬಾಕೆ ಮಗನಿಂದ ಬರೆಸಿದ್ದಳು: “ಹೊಟ್ಟಿ ಹಗುರಾಗ್ಯದ, ಬಾಯಿ ಮಾತ್ರ ಮೊದಲಿನಂಗೇ ಅದ ಅಂತ ನಮ್ಮ ಅಪ್ಪ ಅಂತಾನ.” ಮೂಲೆ ಕತ್ತರಿಸಿದವು ಆರು. ಒಂದಕ್ಕೂ ಜವಾಬು ಬರಲಿಲ್ಲ. ನಾನು ಆರೂ ಹೆಸರುಗಳ ಮುಂದೆ ‘ಜವಾಬಿಲ್ಲ’ ಎಂದು ಬರೆದೆ. ಡಾಕ್ಟರರಿಗೆ ಒಂದು ನಿಯಮವಿತ್ತು, ಆ ಕಾಲದ ಒಳ್ಳೆಯ ಡಾಕ್ಟರರು ಪಾಲಿಸುತ್ತಿದ್ದ ನಿಯಮ: ಪತ್ತೆಯಿಲ್ಲದವರನ್ನು ಸತ್ತವರೆಂದೇ ಎಣಿಸಬೇಕು. ಇಲ್ಲವಾದರೆ ನಮ್ಮ ಬೆನ್ನು ನಾವೇ ಚಪ್ಪರಿಸಿಕೊಂಡಂತೆ ಎನ್ನುತ್ತಿದ್ದರು.

ಅದು ಪ್ರಾಮಾಣಿಕ ನಿಯಮ. ಆ ಪ್ರಾಮಾಣಿಕತೆಯೇ ಗುರವ್ವನ ಕೊರಳಿಗೆ ಬಂತು.

ಗುರವ್ವ ಭೂಸನೂರ ಕಡೆಯ ಹೆಣ್ಣುಮಗಳು. ನಲವತ್ತರ ಒಳಗಿನ ವಯಸ್ಸು, ಮೂವರು ಮಕ್ಕಳು. ಅಗಸರಾಕೆಯ ಖಬರಿನಿಂದ ಬಾಯಿಯೇ ಹಿಂದೆ ಬಿದ್ದು ಕರೆಸಿದ್ದರು. ಬೇಗ ಬಂದಿದ್ದಳು. ಪರೀಕ್ಷೆಗೆ ತೆಗೆದ ಚೂರು ಮುಂಬಯಿಗೆ ಹೋಗಿ ಬಂತು: ಗ್ರಂಥಿಯ ಬಗೆ. ಪಕ್ಕದ ಮಂಚದ ಹೆಂಗಸರು ಒಬ್ಬೊಬ್ಬರಾಗಿ ಆಪರೇಷನ್ ಕೋಣೆಗೆ ಹೋಗಿ ಬಂದರು, ಇವಳನ್ನು ಮಾತ್ರ ಕರೆಯಲಿಲ್ಲ. “ನನ್ನ ಪಾಳಿ ಯಾವಾಗ್ರಿ ಬಾಯಿ?” ಎಂದು ದಿನಾ ಕೇಳುತ್ತಿದ್ದಳು.

ಒಂದು ಮಂಗಳವಾರ ಡಾಕ್ಟರು ಬಾಯಿಯನ್ನು ಕರೆದು ಹೇಳಿದರು. ನಾನು ಅಲ್ಲೇ ಇದ್ದೆ.

“ಆಕೆಯನ್ನ ಮನೆಗೆ ಕಳಿಸಿಬಿಡಿ. ಈ ಬಗೆಗೆ ಕತ್ತಿ ಉಪಯೋಗವಿಲ್ಲ. ಆರು ಜನಕ್ಕೆ ಮಾಡಿದೀನಿ, ಒಬ್ಬರೂ ಉಳಿದಿಲ್ಲ. ಸುಮ್ಮನೆ ಕೊಯ್ದು ನೋವು ಕೊಡೋದು ಯಾಕೆ?”

“ಆರೂ ಮಂದಿ ಸತ್ತಾರೇನ್ರಿ?”

“ಜವಾಬಿಲ್ಲ.”

“ನಾ ಕೇಳಿದ್ದು ಅದಲ್ಲರಿ. ಸತ್ತದ್ದು ಯಾರು ನೋಡ್ಯಾರ?”

ಡಾಕ್ಟರು ನನ್ನ ಕಡೆ ನೋಡಿದರು. ನಾನು ದಫ್ತರದ ಕಡೆ ನೋಡಿದೆ.

“ಅವರೊಳಗ ಒಬ್ಬಾಕಿ ಜಿಡಗಾದಾಕಿ,” ಎಂದರು ಬಾಯಿ. “ನಿಂಗವ್ವ. ಹೊಲಿಗಿ ಬಿಚ್ಚೂ ಮುಂದ ನನ್ನ ಕೈ ಕಚ್ಚಿದಾಕಿ. ಅಂಥಾಕಿ ಹೇಳದೆ ಕೇಳದೆ ಸಾಯಂಗಿಲ್ರಿ. ಸೋಮವಾರತನಕ ರಜಾ ಕೊಡ್ರಿ. ನೋಡಿ ಬಂದ ಮ್ಯಾಲ ಮಾತಾಡೋಣು.”

ನೋಡಿ ಬಂದ ಮೇಲೆ ಮಾತಾಡೋಣ. ಇದು ಅವರ ಮಾತು. ಜ್ವರ ಇಳಿದಿದೆಯೇ, ಹಾಲು ಒಡೆದಿದೆಯೇ, ಅಳಿಯ ಹೊಡೆಯುತ್ತಾನೆಯೇ, ಯಾವ ಪ್ರಶ್ನೆಗೂ ಮೊದಲ ಉತ್ತರ ಅದೇ. ಡಾಕ್ಟರು ಸೋಮವಾರದವರೆಗೆ ಕಾಯಲು ಒಪ್ಪಿದರು. ದಫ್ತರ ಓದಲು ನಾನೂ ಜೊತೆಗೆ ಹೋಗಬೇಕೆಂದರು. ಬಾಯಿ ಹೋಗಿ ಗುರವ್ವನ ಮಂಚದ ಮೇಲೆ ಕೂತು, “ನಿನ್ನ ಪಾಳಿ ಕೇಳಾಕ ಹೊಂಟೇನಿ. ನಾ ಬರೂತನಕ ಯಾರು ಎಬ್ಬಿಸಿದ್ರೂ ಏಳಬ್ಯಾಡ,” ಎಂದು ಹೇಳಿ ಬಂದರು.

ಪೆಟ್ರೋಲು ಸಿಗದ ಕಾಲ. ಆಳಂದದ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದರು; ಅದರ ಹೊಗೆಯಿಂದ ಬಸ್ಸು ಓಡುತ್ತಿತ್ತು, ಏರು ಬಂದರೆ ನಿಲ್ಲುತ್ತಿತ್ತು. ಗಂಡಸರು ಇಳಿದು ನೂಕಬೇಕು. ಬಾಯಿ ಕೂತಲ್ಲಿಂದಲೇ ಕೊಡೆಯಿಂದ ಬಸ್ಸಿನ ತಗಡು ಬಡಿದು ತಾಳ ಹಾಕುತ್ತಿದ್ದರು. ಒಬ್ಬ ಗಡ್ಡದ ಮುದುಕ ನೂಕುತ್ತ, “ಬಾಯಿ, ನೀವು ಇಳದ್ರ ಅರ್ಧ ಬಸ್ಸೇ ಹಗುರಾಗ್ತದ,” ಎಂದ. “ನಾ ಇಳದ್ರ ನೂಕಾವ್ರು ಯಾರೂ ಇರಂಗಿಲ್ಲ, ಎಲ್ಲಾರೂ ಕುಂತು ಬಿಡ್ತೀರಿ,” ಎಂದರು ಇವರು. ಬಸ್ಸು ಹೊರಟಿತು.

ಜೋಳ ಹಾಲುಗಾಳು ಕಟ್ಟಿದ ದಿನಗಳು. ಜಿಡಗಾದ ಹೊಲವೊಂದರಲ್ಲಿ ನಾಲ್ಕು ಕಂಬದ ಅಟ್ಟ. ನಾವು ಬದುವಿನ ಮೇಲೆ ನಡೆಯುತ್ತಿದ್ದಾಗ ನನ್ನ ಕಿವಿಯ ಪಕ್ಕದಲ್ಲಿ ಏನೋ ಸುಯ್ಯೆಂದು ಹೋಯಿತು. ಕವಣೆಯ ಕಲ್ಲು. ಅಟ್ಟದ ಮೇಲೆ ಒಬ್ಬ ಹೆಂಗಸು ಸೊಂಟಕ್ಕೆ ಸೆರಗು ಬಿಗಿದು, ತೋಳು ತಿರುಗಿಸಿ ಎರಡನೆಯ ಕಲ್ಲು ಬೀಸುತ್ತಿದ್ದಳು.

“ಹಕ್ಕಿ ಅಲ್ಲ ಬೇ, ಗುಮಾಸ್ತ ಇದ್ದಾನ,” ಎಂದು ಬಾಯಿ ಕೂಗಿದರು.

ಆಕೆ ನಿಂಗವ್ವ. ನಾನು ನಿಂತಲ್ಲೇ ದಫ್ತರ ಬಿಚ್ಚಿ ‘ಜವಾಬಿಲ್ಲ’ವನ್ನು ಹೊಡೆದು ಹಾಕಿದೆ.

ನಿಂಗವ್ವ ಅಟ್ಟದಿಂದ ಇಳಿದು ಬಾಯಿಯ ಕೈ ಹಿಡಿದು ಒಮ್ಮೆಲೇ ಅಳಲು ಶುರು ಮಾಡಿದಳು. ಹಸನು ಮಾಡಲು ಜೋಳ ಇರಲಿಲ್ಲ, ತೆನೆಯಲ್ಲಿತ್ತು. “ನಮ್ಮ ಡಾಕ್ಟರ ಸಾಹೇಬ್ರು ಹೆಂಗ ಹೋದ್ರವ್ವಾ? ದೇವರಂಥಾ ಮನುಷಾ.”

ಬಾಯಿ ನನ್ನ ಮುಖ ನೋಡಿದರು. “ಎಲ್ಲಿಗಿ ಹೋಗ್ಯಾರ ಡಾಕ್ಟರು?”

ಆಕೆಯ ಅತ್ತೆ ಎಳೆ ತೆನೆ ಸುಟ್ಟು ಸೀತನಿ ಮಾಡುತ್ತ ಬದುವಿನ ಮೇಲೆ ಕೂತಿದ್ದಳು. ವಿಷಯ ಅವಳಿಂದ ತಿಳಿಯಿತು. “ಕಾಗದ ಬಂದಿತ್ತಲ್ಲವ್ವ, ದವಾಖಾನಿಯಿಂದ. ಟಪಾಲಿನಾಂವಗ ಉರ್ದು ಅಷ್ಟೇ ಬರ್ತದ. ಕಾಗದ ನಿಮಗೇ, ದವಾಖಾನಿದು ಅಂದ, ಮೂಲಿ ಕತ್ತರಿಸ್ಯಾರ ನೋಡು ಅಂತ ದೂರ ನಿಂತು ಒಗದ. ಅಂಥ ಕಾಗದ ಓದಿಸಿ ಏನ್ ಮಾಡೂದದ? ಹರದು ಹಳ್ಳಕ್ಕ ಬಿಟ್ಟಿವಿ. ಮನಿಮಂದೆಲ್ಲ ನೀರ ಹಾಕ್ಕೊಂಡಿವಿ. ದವಾಖಾನಿಯೊಳಗ ನಮಗ ಬೇಕಾದವ್ರು ಅವರೊಬ್ರೇ. ಅವರೇ ಹೋಗಿರಬೇಕಂತ ತಿಳದಿವಿ.”

ಬಾಯಿ ಸೀತನಿ ಉದುರಿಸಿಕೊಂಡು ತಿಂದರು. ಆಮೇಲೆ ಕೇಳಿದರು, “ಲೇ ಗುಮಾಸ್ತ, ಕತ್ತರಿ ಯಾರ ಕೈಯಾಗಿತ್ತು?”

“ನನ್ನ ಕೈಯಲ್ಲಿ.”

“ನಿಮ್ಮನ್ಯಾಗ ಯಾರೂ ಸತ್ತಿಲ್ಲೇನು ಇಲ್ಲೀತನಕ?”

ಇದಕ್ಕಿಂತ ಹೆಚ್ಚು ಅವರು ನನ್ನನ್ನು ಬೈಯಲಿಲ್ಲ. ಆದರೆ ಮುಂದೆ ಹೋದ ಊರಿನಲ್ಲೆಲ್ಲ ನನ್ನನ್ನು ಪರಿಚಯ ಮಾಡಿಸುವಾಗ, “ಇಂವ ನೋಡ್ರಿ, ಡಾಕ್ಟರನ್ನ ಕೊಂದಾಂವ,” ಎನ್ನುತ್ತಿದ್ದರು.

ನಿಂಗವ್ವನಿಗೆ ಡಾಕ್ಟರು ಬದುಕಿದ್ದಾರೆ ಎಂದರೆ ಪೂರ್ತಿ ನಂಬಿಕೆ ಬರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೀರಿ ಎಂದಳು. ಬಾಯಿ ಆಣೆ ಮಾಡಲಿಲ್ಲ, ವಾದ ಮಾಡಲಿಲ್ಲ. “ಸೋಮವಾರ ಮುಂಜಾನೆ ಬಂದು ನೀನೇ ನೋಡು. ನೋಡಿ ಬಂದ ಮ್ಯಾಲ ಮಾತಾಡು,” ಎಂದು ಎದ್ದರು. ಆಕೆಯನ್ನು ಯಾಕೆ ಕರೆದರೆಂದು ಆಗ ನನಗೆ ಅರ್ಥವಾಗಲಿಲ್ಲ.

ಆಳಂದ ತಾಲೂಕಿನ ಎರಡನೆಯ ಹೆಂಗಸು ನಿಜವಾಗಿಯೂ ತೀರಿಕೊಂಡಿದ್ದಳು. ಆಪರೇಷನ್ ಆದ ಎರಡನೆಯ ವರ್ಷ ಹುಣ್ಣು ಮರಳಿ ಬಂದಿತ್ತು. ಮಗಳು ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. “ನಮ್ಮವ್ವ ಹೋದ ಮ್ಯಾಲೆ ನಿಮ್ಮ ಕಾಗದ ಬಂತ್ರಿ. ಅಕಿ ಸುದ್ದಿ ದವಾಖಾನಿಗೂ ಮುಟ್ಯದ, ಅದಕ್ಕೇ ಮೂಲಿ ಕತ್ತರಿಸಿ ಬರದಾರ ಅಂತ ತಿಳದಿದ್ದೆ. ನಮ್ಮವ್ವನ ನೆಪ್ಪ ಇಟ್ಟಾರಲ್ಲ ಅನಿಸ್ತು,” ಎಂದಳು. ಬಾಯಿ ಆಕೆಯಿಂದ ಎಲ್ಲವನ್ನೂ ಕೇಳಿ ತಿಳಿದರು: ನೋವು ಯಾವಾಗ ಶುರುವಾಯಿತು, ಎಲ್ಲಿ, ಎಷ್ಟು ದಿನ. ನಾನು ಪೆನ್ಸಿಲು ಹಿಡಿದು ಸುಮ್ಮನೆ ಕೂತಿದ್ದೆ.

“ಬರಿ,” ಎಂದರು ದಾರಿಯಲ್ಲಿ. “ಇದನ್ನೂ ಬರಿ. ಬದಕಿದವ್ರನ್ನಷ್ಟೇ ಬರದ್ರ ಅದು ದಫ್ತರ ಅಲ್ಲ, ಲಾವಣಿ.”

ಬರೆದೆ. ಆಮೇಲೆ ಪತ್ರಿಕೆಗೆ ಹೋದ ಮೇಲೆ ನನಗೆ ಸಂಪಾದಕರು ಬಹಳ ಜನ ಸಿಕ್ಕರು. ಮೊದಲನೆಯವರು ಯಾರೆಂದು ಕೇಳಿದರೆ ಆ ದಾರಿ ನೆನಪಾಗುತ್ತದೆ.

ಅಫಜಲಪುರದ ಕಡೆ ಭೀಮಾ ದಂಡೆಯ ಊರಿನಲ್ಲಿ ಒಬ್ಬ ಮುದುಕಿ ಸಿಕ್ಕಳು. ಹೊಳೆಯಲ್ಲಿ ಎಮ್ಮೆ ತೊಳೆಯುತ್ತಿದ್ದಳು. ನಮ್ಮ ಕಾರ್ಡಿನ ದಿನ ಆಕೆಯೂ ತಲೆಗೆ ನೀರು ಹಾಕಿಕೊಂಡಿದ್ದಳು. “ಹೊಳಿಗೆ ಹೆಂಗೂ ಬಂದಿದ್ದೆ, ಒಂದು ಮುಳುಗು ಹೆಚ್ಚಾತು,” ಎಂದಳು. ಅದೇ ತಾಲೂಕಿನ ಇನ್ನೊಬ್ಬಾಕೆಯ ಮನೆಗೆ ಬೀಗ. ಮನೆಮಂದಿಯೆಲ್ಲ ಸೊಲ್ಲಾಪುರದ ಗಿರಣಿಗೆ ಕೂಲಿಗೆ ಹೋಗಿದ್ದರು. ನೆರೆಯವರು ಆಕೆ ಹೋಗುವಾಗ ಗಟ್ಟಿಯಾಗಿದ್ದಳು ಎಂದರು. ನಾನು ‘ಬದುಕಿದ್ದಾಳೆ’ ಎಂದು ಬರೆಯಹೋದೆ. ಬಾಯಿ ಪೆನ್ಸಿಲು ಹಿಡಿದರು. “ನಾವು ನೋಡಿವೇನು?” ‘ಪತ್ತೆಯಿಲ್ಲ’ ಎಂದೇ ಬರೆಸಿದರು.

ಜೇವರ್ಗಿಯಲ್ಲಿ ಅಂದು ಸಂತೆ. ಐದನೆಯಾಕೆ ಬದನೆಕಾಯಿ ಮಾರುತ್ತ ಕೂತಿದ್ದಳು. ಗಿರಾಕಿಗಳ ನಡುವೆಯೇ ಬಾಯಿ ಆಕೆಯ ಕಿವಿಯಲ್ಲಿ ಕೇಳಬೇಕಾದ್ದನ್ನು ಕೇಳಿದರು, ಆಕೆ ತೂಕ ಮಾಡುತ್ತಲೇ ತಲೆ ಅಲ್ಲಾಡಿಸಿ ಉತ್ತರ ಕೊಟ್ಟಳು. ಆರನೆಯಾಕೆ ಆಕೆಯ ನಾದಿನಿಯ ಊರಿನವಳೇ. ಅವಳೂ ಸಂತೆಗೆ ಬಂದಿದ್ದಳು, ಬುಟ್ಟಿ ಹೊತ್ತುಕೊಂಡೇ ಮಾತಾಡಿದಳು. ಹೊಳೆಯ ಮುದುಕಿಗೆ ಹೇಳಿದಂತೆ ಇವರಿಬ್ಬರಿಗೂ ಬಾಯಿ ಅದೇ ಮಾತು ಹೇಳಿದರು: ಡಾಕ್ಟರು ಇದ್ದಾರೋ ಇಲ್ಲವೋ, ಸೋಮವಾರ ನೀವೇ ಬಂದು ನೋಡಿ.

ಸೋಮವಾರ ಬೆಳಿಗ್ಗೆ ಡಾಕ್ಟರು ಬಂದಾಗ ಕಟ್ಟೆಯ ಮೇಲೆ ನಾಲ್ವರು ಹೆಂಗಸರು ಸಾಲಾಗಿ ಕೂತು ಜೋಳ ಹಸನು ಮಾಡುತ್ತಿದ್ದರು. ಹಿಂದೆ ಅವರವರ ಮನೆಯವರು, ಎರಡು ಕೂಸು, ಒಂದು ಬುಟ್ಟಿ ಬದನೆಕಾಯಿ. ಡಾಕ್ಟರನ್ನು ಕಂಡು ನಾಲ್ವರೂ ಎದ್ದರು. ನಿಂಗವ್ವ ಹತ್ತಿರ ಹೋಗಿ ಅವರ ಮೊಣಕೈ ಹಿಡಿದು ಹಿಚುಕಿ ನೋಡಿದಳು.

“ಖರೆನೇ ಇದ್ದಾರ,” ಎಂದಳು ಉಳಿದವರಿಗೆ.

ಬಾಯಿ ನಡೆದದ್ದನ್ನು ಹೇಳಿದರು. ನಾನು ದಫ್ತರ ಬಿಚ್ಚಿ ಮೇಜಿನ ಮೇಲಿಟ್ಟೆ. ಡಾಕ್ಟರು ಓದಿದರು. ಮೂಲೆ ಕತ್ತರಿಸಿದ ಒಂದು ಮಿಕ್ಕ ಕಾರ್ಡನ್ನು ಕೈಯಲ್ಲಿ ತಿರುಗಿಸಿ ನೋಡಿದರು.

“ಅಂದ್ರೆ ಇವರೆಲ್ಲ ಸತ್ತರು ಅಂತ ನಾನು ಬರ್ಕೊಂಡು ಕೂತಿದ್ದಾಗ, ನಾನು ಸತ್ತೆ ಅಂತ ಇವರು ಸ್ನಾನ ಮಾಡ್ತಿದ್ರು.”

“ಹೌದ್ರಿ.”

“ನಾನು ಸತ್ತಿದ್ದು ಯಾವಾಗಂತೆ?”

“ಹೋದ ಶ್ರಾವಣದಾಗ್ರಿ,” ಎಂದಳು ನಿಂಗವ್ವ. “ನಿಮ್ಮ ಸಲುವಾಗಿ ಪಂಚಮಿಗೆ ಉಂಡಿ ಕಟ್ಟಲಿಲ್ರಿ ನಾವು.”

“ನಾ ಕಟ್ಟಿದ್ದೆ,” ಎಂದಳು ಭೀಮಾ ದಂಡೆಯ ಮುದುಕಿ. “ಸುಳ್ಳ ಯಾಕ ಹೇಳ್ಲಿ. ಮೊಮ್ಮಕ್ಕಳು ಅಳಾಕತ್ತಿದ್ವು.”

ಡಾಕ್ಟರು ಕುರ್ಚಿಯ ಕೈ ಹಿಡಿದು ನಕ್ಕರು. ಅವರು ನಗುತ್ತಾರೆಂಬುದು ವಾರ್ಡಿಗೆ ಸುದ್ದಿಯಾಗಿ, ನಡೆಯಬಲ್ಲವರೆಲ್ಲ ಬಾಗಿಲಿಗೆ ಬಂದರು. ಅವರಲ್ಲಿ ಗುರವ್ವನೂ ಇದ್ದಳು.

ನಾಲ್ವರನ್ನೂ ಒಳಗೆ ಕರೆದು ಪರೀಕ್ಷೆ ಮಾಡಿದರು. ಹೊರಗೆ ಬಂದಾಗ ನಗು ಇರಲಿಲ್ಲ, ಮುಖ ಮಾತ್ರ ಬೇರೆಯಾಗಿತ್ತು. ಗುರವ್ವನ ಮುಂದೆ ನಿಂತು ಹೇಳಿದರು: “ನೋಡಮ್ಮಾ, ಇಷ್ಟು ಜನ ಚೆನ್ನಾಗಿದಾರೆ ಅಂದ್ರೆ ನೀನೂ ಚೆನ್ನಾಗಾಗ್ತೀಯ ಅಂತ ನಾನು ಮಾತು ಕೊಡಲಾರೆ. ಬೆರಳಲ್ಲಿ ಎಣಿಸೋಷ್ಟು ಜನರಿಂದ ಏನೂ ಸಾಬೀತಾಗಲ್ಲ. ಒಬ್ಬರು ತೀರಿಕೊಂಡೂ ಇದಾರೆ. ಆದ್ರೆ ಕತ್ತಿ ಉಪಯೋಗವೇ ಇಲ್ಲ ಅಂದಿದ್ನಲ್ಲ, ಅದು ತಪ್ಪು. ನೀನು ಬೇಗ ಬಂದಿದೀಯ. ಬೇಗ ಬಂದವರಿಗೆ, ಬಗೆ ಯಾವುದೇ ಇರಲಿ, ಕತ್ತಿ ಒಂದು ದಾರಿ.”

ಗುರವ್ವ ಬಾಯಿಯ ಕಡೆ ನೋಡಿದಳು. ಮೈಸೂರು ಮಾತು ಅವಳಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು.

“ಮಾತು ಕೊಡಂಗಿಲ್ಲ ಅಂತಾರ,” ಎಂದರು ಬಾಯಿ. “ಕೈ ಬಿಡಂಗಿಲ್ಲ ಅಂತಾರ.”

ಗುರವ್ವ ನಿಂಗವ್ವನನ್ನು ಮೇಲಿಂದ ಕೆಳಗೆ ನೋಡಿದಳು. “ನಿನಗೂ ಇದೇ ಜಡ್ಡೇನ್ ಬೇ?”

“ಇದೇ.”

“ಕೊಡಾ ಹೊರತೀಯೇನು?”

“ತಲಿಮ್ಯಾಲೊಂದು, ಬಗಲಾಗೊಂದು.”

“ಹಂಗಾದ್ರ ನನಗೂ ಮಾಡ್ರಿ,” ಎಂದಳು ಗುರವ್ವ.

ಅಂದೇ ಮಾಡಿದರು. ಬಾಯಿ ಒಳಗಿದ್ದರು. ನಾಲ್ವರು ಹೆಂಗಸರೂ ಹೋಗಲಿಲ್ಲ, ಕಟ್ಟೆಯ ಮೇಲೆ ಕೂತು ಎರಡು ಚೀಲ ಜೋಳ ಹಸನು ಮಾಡಿ ಮುಗಿಸಿದರು. ಬಾಯಿ ಹೊರಗೆ ಬಂದರು. ಅವರು ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡಾಗ ಎಲ್ಲರಿಗೂ ತಿಳಿಯಿತು. ಆಪರೇಷನ್ ಕೆಟ್ಟ ದಿನ ಅವರು ಉಣ್ಣುತ್ತಿರಲಿಲ್ಲ.

ಗುರವ್ವ ಮೂರು ವಾರಕ್ಕೆ ಚಕ್ಕಡಿ ಹತ್ತಿ ಊರಿಗೆ ಹೋದಳು.

ಕಾರ್ಡಿಗೆ ಹೊಸ ಗುರುತು ಬೇಕಾಯಿತು. ಈ ಸಲ ಡಾಕ್ಟರು ನನ್ನನ್ನು ಕೇಳಲಿಲ್ಲ, ಬಾಯಿಯನ್ನು ಕೇಳಿದರು. “ಮೂಲಿಗೆ ಅರಿಶಿಣ ಹಚ್ರಿ,” ಎಂದರು. ಮದುವೆಯ ಕಾಗದ ಎಂದುಕೊಂಡಾರು ಎಂದೆ. “ಅಂದ್ಕೊಳ್ಳಲಿ. ಒಳಗ ಒಯ್ತಾರ, ಓದಿಸ್ತಾರ.”

ಒಯ್ದರು, ಓದಿಸಿದರು. ಆದರೆ ಓದಿಸಿದ ಮೇಲೂ ಕೆಲವರಿಗೆ ಅರಿಶಿಣದ ಮೇಲೆಯೇ ಹೆಚ್ಚು ನಂಬಿಕೆ. ಜವಾಬು ಬರೆಯುವ ಬದಲು ತಾವೇ ಬರತೊಡಗಿದರು. ಮುಂದಿನ ವರ್ಷ ಗುರವ್ವ ಗಂಡ, ಮಕ್ಕಳು, ಮೈದುನನ ಸಮೇತ ಬಂದಿಳಿದಳು. ಮಡಿಲಲ್ಲಿ ತೆಂಗಿನಕಾಯಿ, ಖಣ, ಮದುವೆಯ ಆಯೇರಿಗೆಂದು ಒಂದು ತಂಬಿಗೆ.

“ಲಗ್ನ ಯಾರದ್ರಿ ಬಾಯಿ?”

“ನಂದು.”

“ಅಯ್ಯ, ವರ ಎಲ್ಲಿ?”

“ಹುಡುಕಾಕತ್ತೇನಿ. ನೀ ಮೊದಲು ಉಣ್ಣು, ಆಮ್ಯಾಲ ಆ ಪಡದಿ ಹಿಂದ ನಡಿ, ಡಾಕ್ಟರು ನೋಡ್ತಾರ.”

ಆ ತಂಬಿಗೆ ಬಹಳ ವರ್ಷ ಬಾಯಿಯ ಮೇಜಿನ ಮೇಲಿತ್ತು.

ಯುದ್ಧ ಮುಗಿದ ಮೇಲೆ ಡಾಕ್ಟರು ದಫ್ತರಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ತಮ್ಮ ಕಡೆ ಹೋದರು. ಆ ಲೆಕ್ಕ ಎಲ್ಲಾದರೂ ಅಚ್ಚಾಯಿತೇ, ಬೇರೆ ಡಾಕ್ಟರರು ಅದನ್ನು ಓದಿದರೇ, ನನಗೆ ತಿಳಿಯದು. ತಿಳಿಯದ್ದನ್ನು ಬರೆಯುವುದಿಲ್ಲ. ಬಾಯಿ ವಯಸ್ಸಾಗುವವರೆಗೆ ಅಲ್ಲೇ ಕೆಲಸ ಮಾಡಿ ಯಡ್ರಾಮಿಗೆ ಹೋಗಿ ತಮ್ಮನ ಮಗನ ಮನೆಯಲ್ಲಿದ್ದರು. ನಾನು ಪತ್ರಿಕೆಗೆ ಸೇರಿದೆ. ಊರಿನಿಂದ ವರದಿ ಬಂದಿಲ್ಲವೆಂದರೆ ಊರಿನಲ್ಲಿ ಏನೂ ಆಗಿಲ್ಲವೆಂದು ಬರೆಯಹೊರಟ ಹೊಸಬರನ್ನು ಎಷ್ಟೋ ಸಲ ತಡೆದಿದ್ದೇನೆ. ಕಾರಣ ಹೇಳಿಲ್ಲ.

ಕಳೆದ ವಾರ ಆ ಕಾರ್ಡು ಜೇಬಿನಲ್ಲಿಟ್ಟುಕೊಂಡು ಭೂಸನೂರಿನ ಬಸ್ಸು ಹತ್ತಿದೆ. ಗುರವ್ವನಿಗೆ ಸುದ್ದಿಯನ್ನು ಟಪಾಲಿನಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಆಕೆ ಅಂಗಳದಲ್ಲಿ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. “ಡಾಕ್ಟರನ್ನ ಕೊಂದಾಂವಲ್ಲೇನು ನೀ?” ಎಂದಳು.

ಕಾರ್ಡು ಓದಿ ಹೇಳಿದೆ. ಉಪ್ಪಿನ ಸಾಲು ಬಂದಾಗ ಸ್ವಲ್ಪ ನಕ್ಕಳು. ಕಾರ್ಡನ್ನು ಕೈಗೆ ತೆಗೆದುಕೊಂಡು, ಅಕ್ಷರ ಬಾರದಿದ್ದರೂ, ಎರಡೂ ಬದಿ ನೋಡಿದಳು. ನಾಲ್ಕೂ ಮೂಲೆಗಳ ಮೇಲೆ ಬೆರಳಾಡಿಸಿದಳು.

“ನೀ ಯಡ್ರಾಮಿಗೆ ಹೋಗಿದ್ಯೇನು? ನೋಡಿ ಬಂದೀಯೇನು?”

“ಇಲ್ಲ,” ಎಂದೆ.

“ಮತ್ತ?” ಎಂದಳು ಗುರವ್ವ. ಮೊಣಕಾಲಿಗೆ ಕೈಯೂರಿ ಎದ್ದು, ಕಾರ್ಡು ಹಿಡಿದುಕೊಂಡು ಹೊಸಲು ದಾಟಿ ಒಳಗೆ ಹೋದಳು. ಅಡುಗೆ ಮನೆಯ ಗೋಡೆಯ ಗೂಡಿನಲ್ಲಿ, ಅರಿಶಿಣದ ಬಟ್ಟಲಿನ ಪಕ್ಕ, ಅದನ್ನು ಇಟ್ಟಳು.